ರೇಬಿಸ್ ಪಾಠ: ಹೆದರಿಸುವುದಲ್ಲ, ಮಗು ಬಾಯಿಬಿಟ್ಟು ಹೇಳುವಂತೆ ಮಾಡುವುದು

ಪ್ರಶ್ನೆ: ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನಕ್ಕೆ 4ರಿಂದ 7ನೇ ತರಗತಿಯ ಮಕ್ಕಳಿಗೆ ಪಾಠ ಮಾಡಬೇಕು. ಕಳೆದ ವರ್ಷ ರೋಗಿ ನರಳುವ ವಿಡಿಯೊ ತೋರಿಸಿದ್ದೆ, ಮಕ್ಕಳು ತುಂಬ ಹೆದರಿದರು. ಆಮೇಲೆ ಗೊತ್ತಾಯಿತು, ಐದನೇ ತರಗತಿಯ ಹುಡುಗನೊಬ್ಬ ನಾಯಿಮರಿ ಕಚ್ಚಿದ್ದನ್ನು ಒಂದು ವಾರ ಯಾರಿಗೂ ಹೇಳಿರಲಿಲ್ಲ. ಬಿಸಿಯೂಟದ ಹೊತ್ತಿಗೆ ನಾಲ್ಕೈದು ಬೀದಿನಾಯಿಗಳು ಒಳಗೆ ಬರುತ್ತವೆ. ಊರಲ್ಲಿ ಕಚ್ಚಿದ ಜಾಗಕ್ಕೆ ಸುಣ್ಣ ಹಚ್ಚುವವರು ಇನ್ನೂ ಇದ್ದಾರೆ. ನನಗೆ ಸಿಗುವುದು ಎರಡು ಪೀರಿಯಡ್. ಏನು ಹೇಳಿಕೊಡಲಿ, ಏನು ಬಿಡಲಿ?

ಉತ್ತರ: ಟೀಚರ್, ಪಾಠದ ಮಾತಿಗೆ ಮುಂಚೆ ಆ ಹುಡುಗನ ವಿಷಯ. ಅವನಿಗೆ ಲಸಿಕೆ ಆಗಿದೆಯೇ ಎಂದು ಇವತ್ತೇ ವಿಚಾರಿಸಿ. ಆಗಿಲ್ಲದಿದ್ದರೆ ಎಷ್ಟು ತಿಂಗಳಾಗಿದ್ದರೂ ಸರಿ, ತಂದೆತಾಯಿಯ ಜೊತೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಕಚ್ಚಿದ ಮೇಲೆ ರೋಗದ ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬೇಕು. ಒಂದು ವಾರದೊಳಗೆ ಕಾಣಿಸಿದ್ದೂ ಉಂಟು, ವರ್ಷ ದಾಟಿದ ಮೇಲೆ ಕಾಣಿಸಿದ್ದೂ ಉಂಟು. ಲಕ್ಷಣ ಶುರುವಾಗುವವರೆಗೆ ಚಿಕಿತ್ಸೆಗೆ ತಡವಾಯಿತು ಎಂಬುದಿಲ್ಲ. ಶುರುವಾದ ಮೇಲೆ ಉಳಿಸುವ ಔಷಧಿಯೇ ಇಲ್ಲ. ಆ ನಾಯಿಮರಿ ಈಗಲೂ ಆರೋಗ್ಯವಾಗಿ ಓಡಾಡಿಕೊಂಡಿದ್ದರೆ ವೈದ್ಯರಿಗೆ ಅದನ್ನೂ ತಿಳಿಸಲಿ, ಮುಂದಿನದನ್ನು ಅವರು ತೀರ್ಮಾನಿಸುತ್ತಾರೆ.

ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಹುಡುಗನಲ್ಲೇ ಇದೆ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 59,000 ಜನ ರೇಬಿಸ್‌ನಿಂದ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮನುಷ್ಯರಿಗೆ ತಗಲುವ ರೇಬಿಸ್‌ನಲ್ಲಿ 100ಕ್ಕೆ 99 ನಾಯಿಯಿಂದಲೇ. 5ರಿಂದ 14 ವರ್ಷದ ಮಕ್ಕಳು ಹೆಚ್ಚಾಗಿ ಇದಕ್ಕೆ ಸಿಕ್ಕಿಬೀಳುತ್ತಾರೆ. ಲಸಿಕೆ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡೂ ಕೊಡಬೇಕಿಲ್ಲ. ಆದರೂ ಮಗು ಉಳಿಯದೆ ಹೋಗುವುದು ಬಹುಪಾಲು ಎರಡು ಕಾರಣಕ್ಕೆ: ಕಚ್ಚಿದ್ದು ಯಾರಿಗೂ ಗೊತ್ತಾಗಲಿಲ್ಲ, ಇಲ್ಲವೇ ಗೊತ್ತಾದವರು ಸಣ್ಣ ಗಾಯವೆಂದು ಸುಮ್ಮನಾದರು. ಮಗು ಮುಚ್ಚಿಡುವುದು ಬೈಗುಳಕ್ಕೆ ಹೆದರಿ, ಸೂಜಿಗೆ ಹೆದರಿ, ಕೆಲವು ಸಲ ತಾನು ಮುದ್ದು ಮಾಡಿದ ನಾಯಿಯನ್ನು ಹೊಡೆದು ಕೊಲ್ಲುತ್ತಾರೆಂದು ಹೆದರಿ. ನರಳುವ ರೋಗಿಯ ವಿಡಿಯೊ ಈ ಹೆದರಿಕೆಗಳ ಮೇಲೆ ಇನ್ನೊಂದನ್ನು ಹೇರುತ್ತದೆ ಅಷ್ಟೆ. ಆದ್ದರಿಂದ ವಿಡಿಯೊ ಬಿಡಿ. ಜೊಲ್ಲು ಸುರಿಸುವ, ಕೋರೆಹಲ್ಲಿನ ನಾಯಿಯ ಚಿತ್ರವನ್ನೂ ಬಿಡಿ. ಅಂಥ ಚಿತ್ರ ನೋಡಿದ ಮಗು, ಹಾಗೆ ಕಾಣುವ ನಾಯಿ ಮಾತ್ರ ಅಪಾಯ ಎಂದುಕೊಳ್ಳುತ್ತದೆ. ನಿಮ್ಮ ಹುಡುಗನಿಗೆ ಕಚ್ಚಿದ್ದು ಮರಿ, ನೆನಪಿಡಿ.

ಎರಡು ಪೀರಿಯಡ್‌ನಲ್ಲಿ ಮೂರು ಕೆಲಸ ಕಲಿಸಿದರೆ ಸಾಕು. ನಾಯಿ ಎದುರಾದಾಗ ನಿಲ್ಲುವುದು, ಗಾಯವನ್ನು 15 ನಿಮಿಷ ಸೋಪು ನೀರಿನಲ್ಲಿ ತೊಳೆಯುವುದು, ಅವತ್ತೇ ದೊಡ್ಡವರಿಗೆ ಹೇಳುವುದು. ವೈರಸ್ಸಿನ ಹೆಸರು, ಆಕಾರ, ಲಕ್ಷಣಗಳ ಪಟ್ಟಿ ಇವೆಲ್ಲ ಹೈಸ್ಕೂಲಿಗೆ ಇರಲಿ.

ಮೊದಲ ಪೀರಿಯಡ್ಡನ್ನು ಕೊಠಡಿಯೊಳಗೆ ಮಾಡಬೇಡಿ, ನಲ್ಲಿಯ ಹತ್ತಿರ ಮಾಡಿ. ಬೇಕಾಗುವುದು ಒಂದು ಚಮಚ ಕೊಬ್ಬರಿ ಎಣ್ಣೆ, ಚಿಟಿಕೆ ಕುಂಕುಮ, ಒಂದು ಸೋಪು, ಒಂದು ಲೀಟರಿನ ಖಾಲಿ ಬಾಟಲಿ, ಗಡಿಯಾರ. ಎಣ್ಣೆಗೆ ಕುಂಕುಮ ಕಲಸಿ ಇಬ್ಬರು ಮಕ್ಕಳ ಮುಂಗೈಗೆ ಸವರಿ. ಒಬ್ಬರು ಬರೀ ನೀರಿನಲ್ಲಿ ತೊಳೆಯಲಿ, ಇನ್ನೊಬ್ಬರು ಸೋಪು ಹಚ್ಚಿ ತೊಳೆಯಲಿ. ಬರೀ ನೀರಿಗೆ ಎಣ್ಣೆ ಬಿಡುವುದಿಲ್ಲ, ಕೆಂಪು ಉಳಿಯುತ್ತದೆ. ಸೋಪಿಗೆ ಬಿಡುತ್ತದೆ. ಈ ಆಟದಲ್ಲಿ ವಿಜ್ಞಾನವೂ ಇದೆ: ರೇಬಿಸ್ ವೈರಸ್ಸಿನ ಹೊರ ಹೊದಿಕೆ ಕೊಬ್ಬಿನದು, ಸೋಪು ಅದನ್ನೇ ಒಡೆಯುತ್ತದೆ. ಹೊದಿಕೆ ಹೋದ ವೈರಸ್ ನಿಷ್ಪ್ರಯೋಜಕ. ಮೈಸೋಪು, ಬಟ್ಟೆ ಸೋಪು ಎಂಬ ಭೇದವಿಲ್ಲ, ಕೈಗೆ ಸಿಕ್ಕಿದ್ದು ನಡೆಯುತ್ತದೆ.

ಕಷ್ಟವಿರುವುದು 15 ನಿಮಿಷ ಎಂಬಲ್ಲಿ. ಮಕ್ಕಳೇನು, ದೊಡ್ಡವರೂ ಒಂದು ನಿಮಿಷ ತೊಳೆದು ಆಯಿತು ಎನ್ನುತ್ತಾರೆ. ಅದು ಎಷ್ಟು ದೀರ್ಘ ಹೊತ್ತು ಎಂಬುದು ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಒಬ್ಬ ಮಗುವನ್ನು ನಲ್ಲಿಗೆ ನಿಲ್ಲಿಸಿ, ಇನ್ನೊಬ್ಬರ ಕೈಗೆ ಗಡಿಯಾರ ಕೊಡಿ, ಉಳಿದ ಪಾಠ ನಡೆಸುತ್ತಿರಿ. ತೊಳೆಯುವವರು ಐದು ನಿಮಿಷಕ್ಕೊಮ್ಮೆ ಬದಲಾಗಲಿ. ಇನ್ನೂ ಆಗಲಿಲ್ಲವಾ ಎಂದು ಮಕ್ಕಳು ಕೇಳತೊಡಗಿದರೆ ನಿಮ್ಮ ಕೆಲಸ ಆದಂತೆ. ಜೊತೆಗೆ ಒಂದು ಲೆಕ್ಕ ಮಾಡಿಸಿ. ನಲ್ಲಿಯನ್ನು ಕಿರುಬೆರಳಿಗಿಂತ ಸಣ್ಣ ಧಾರೆಗೆ ತಿರುಗಿಸಿ ಬಾಟಲಿ ತುಂಬಲು ಎಷ್ಟು ಹೊತ್ತು ಬೇಕೆಂದು ಅಳೆಯಲಿ. ಒಂದು ನಿಮಿಷಕ್ಕೆ ತುಂಬಿದರೆ 15 ನಿಮಿಷಕ್ಕೆ 15 ಲೀಟರ್, ಹೆಚ್ಚು ಕಡಿಮೆ ಒಂದು ದೊಡ್ಡ ಬಿಂದಿಗೆ. ಅರ್ಧ ನಿಮಿಷಕ್ಕೆ ತುಂಬಿದರೆ 30 ಲೀಟರ್. ನೀರಿಗೆ ತತ್ವಾರವಿರುವ ಊರಿನಲ್ಲಿ ಇದು ಮುಖ್ಯ. ಅಷ್ಟು ನೀರು ಎಲ್ಲಿಂದ ತರುವುದು ಎಂದು ಮನೆಯವರು ಕೈಚೆಲ್ಲುವ ಮೊದಲೇ, ಒಂದು ಬಿಂದಿಗೆ ಸಾಕು ಎಂಬುದು ಮಗುವಿಗೆ ಗೊತ್ತಿರುತ್ತದೆ. ನಲ್ಲಿ ಇಲ್ಲದ ಕಡೆ ಒಬ್ಬರು ಚೊಂಬಿನಿಂದ ಎಡಬಿಡದೆ ಸುರಿಯಬೇಕು. ಬಕೆಟ್ಟಿನೊಳಗೆ ಕೈ ಅದ್ದಿ ಕೂರುವುದು ತೊಳೆದಂತಲ್ಲ, ಹೋದದ್ದು ಅದೇ ನೀರಿನಲ್ಲಿ ಉಳಿಯುತ್ತದೆ.

ಒರಟಾಗಿ ಉಜ್ಜಬಾರದು. ನೊರೆ ಹಚ್ಚಿ, ಗಾಯದ ಒಳಗೂ ನೀರು ಹರಿಯುವಂತೆ ಬಿಡಬೇಕು. ಕಣ್ಣಿಗೆ ಜೊಲ್ಲು ಸಿಡಿದಿದ್ದರೆ ಸೋಪು ಬೇಡ, ಬರೀ ನೀರು. ತೊಳೆದ ಮೇಲೆ ಶಾಲೆಯ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಪೊವಿಡೋನ್ ಅಯೋಡಿನ್ (ಗಾಯದ ರೋಗಾಣು ಕೊಲ್ಲುವ ಕಂದು ಔಷಧಿ) ಇದ್ದರೆ ಹಚ್ಚಬಹುದು. ಬಿಗಿಯಾಗಿ ಬಟ್ಟೆ ಕಟ್ಟುವುದು ಬೇಡ. ಕಚ್ಚಿ ಎರಡು ದಿನವಾದ ಮೇಲೆ ತಿಳಿದರೂ ತೊಳೆದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಸುಣ್ಣದ ವಿಷಯಕ್ಕೆ ಬರೋಣ. ಸುಣ್ಣ, ಮೆಣಸಿನಪುಡಿ, ಅರಿಶಿನ, ಕಾಫಿಪುಡಿ, ಸೀಮೆಎಣ್ಣೆ, ಸೊಪ್ಪಿನ ರಸ ಇವೆಲ್ಲ ಬೇರೆ ಬೇರೆ ಕಡೆ ಬಳಕೆಯಲ್ಲಿವೆ. ಇವು ಮೂಢನಂಬಿಕೆ ಎಂದು ತರಗತಿಯಲ್ಲಿ ಹೀಗಳೆಯಬೇಡಿ. ಮಗು ಮನೆಗೆ ಹೋಗಿ ಅದನ್ನೇ ಒಪ್ಪಿಸಿದರೆ ಅಜ್ಜಿಗೆ ಸಿಟ್ಟು ಬರುತ್ತದೆ, ಸುಣ್ಣ ನಿಲ್ಲುವುದಿಲ್ಲ. ಕಾರಣ ಹೇಳಿಕೊಡಿ: ಖಾರದ, ಸುಡುವ ಪದಾರ್ಥ ಗಾಯವನ್ನು ಇನ್ನಷ್ಟು ಕೆರಳಿಸುತ್ತದೆ, ವೈರಸ್ ಒಳಗಿನ ನರದ ತುದಿ ಸೇರಲು ಅನುಕೂಲವಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಔಷಧಿ ಹಾಕಿದ್ದಾಯಿತು ಎಂಬ ನೆಮ್ಮದಿಯಲ್ಲಿ ಮನೆಯವರು ಆಸ್ಪತ್ರೆಗೆ ಹೋಗುವುದಿಲ್ಲ. ಟಿಟಿ ಇಂಜೆಕ್ಷನ್ ಕೊಡುವ ಮೋಸವೂ ಇದೇ ತರಹದ್ದು. ಕಚ್ಚಿದ ದಿನ ಯಾವುದೋ ಕ್ಲಿನಿಕ್ಕಿನಲ್ಲಿ ಟಿಟಿ ಹಾಕಿಸಿ, ಇಂಜೆಕ್ಷನ್ ಆಯಿತಲ್ಲ ಎಂದು ಬಿಟ್ಟವರಿದ್ದಾರೆ. ಟಿಟಿ ಧನುರ್ವಾಯುವಿಗೆ. ರೇಬಿಸ್‌ಗೂ ಅದಕ್ಕೂ ಸಂಬಂಧವಿಲ್ಲ. ಪೋಷಕರ ಸಭೆಯಲ್ಲಿ ಇದೊಂದನ್ನು ಬಿಡಿಸಿ ಹೇಳಿ.

ನಲ್ಲಿಯಿಂದ ಮೈದಾನಕ್ಕೆ. ನಾಯಿ ಹತ್ತಿರ ಬಂದಾಗ ನಿಲ್ಲುವ ಭಂಗಿಗೆ 'ಮರ' ಎಂದು ಹೆಸರಿಡಿ. ಎರಡೂ ಕಾಲು ಜೋಡಿಸಿ, ಕೈಗಳನ್ನು ಹೊಟ್ಟೆಯ ಮುಂದೆ ಹೆಣೆದು, ಕಣ್ಣನ್ನು ತನ್ನ ಕಾಲಿನ ಹೆಬ್ಬೆರಳಿನ ಮೇಲಿಟ್ಟು, ಬಾಯಿ ಮುಚ್ಚಿ, ಮನಸ್ಸಿನಲ್ಲೇ ಎಣಿಸುತ್ತ ನಿಲ್ಲುವುದು. ನಾಯಿ ಮೂಸಿ ನೋಡಿ, ಆಸಕ್ತಿ ಕಳೆದುಕೊಂಡು ದೂರ ಹೋಗುವವರೆಗೆ. ಆಮೇಲೂ ಓಡಬಾರದು, ನಿಧಾನವಾಗಿ ಹಿಂದೆ ಹೆಜ್ಜೆ ಇಡಬೇಕು. ಕೆಳಗೆ ಬಿದ್ದರೆ 'ಕಲ್ಲು': ಮಂಡಿಯೂರಿ ಮುದುಡಿ, ಮುಖವನ್ನು ಮಂಡಿಗೆ ಒತ್ತಿ, ಬೆರಳು ಹೆಣೆದ ಕೈಗಳಿಂದ ಕತ್ತಿನ ಹಿಂಭಾಗ ಮುಚ್ಚಿ, ಮುಂಗೈಗಳಿಂದ ಕಿವಿ ಮರೆಮಾಡುವುದು. ಮುಖ, ಕತ್ತು, ಕೈಬೆರಳುಗಳಲ್ಲಿ ನರಗಳು ದಟ್ಟ, ಮುಖವಂತೂ ಮಿದುಳಿಗೆ ಹತ್ತಿರ. ಅಲ್ಲಿ ಕಚ್ಚಿಸಿಕೊಂಡರೆ ರೋಗ ಬೇಗ ಬರುತ್ತದೆ. ಚಿಕ್ಕ ಮಕ್ಕಳ ಎತ್ತರಕ್ಕೆ ನಾಯಿಯ ಬಾಯಿ ಸಿಗುವುದೂ ಮುಖಕ್ಕೇ.

ಅಭ್ಯಾಸ ಮಾಡಿಸುವಾಗ ತಪ್ಪುವುದು ಎಲ್ಲಿ ಎಂದರೆ, ಮಕ್ಕಳು ತಲೆ ತಗ್ಗಿಸಿದರೂ ಓರೆಗಣ್ಣಿನಲ್ಲಿ ನಾಯಿಯನ್ನು ನೋಡುತ್ತಾರೆ. ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ನಾಯಿಗೆ ಅದು ಸವಾಲು. ಕೆಲವರು ನಗುತ್ತಾರೆ, ಕೈ ಬೀಸುತ್ತಾರೆ, ಕೊನೆಯ ಕ್ಷಣದಲ್ಲಿ ಓಟ ಕೀಳುತ್ತಾರೆ. ನಾಯಿಯ ಪಾತ್ರ ನೀವೇ ಮಾಡಿ ಅಥವಾ ಒಂದು ಗೋಣಿಚೀಲ ಎಳೆದುಕೊಂಡು ಹತ್ತಿರ ಬನ್ನಿ. ತರಗತಿಯ ತುಂಟನಿಗೆ ಆ ಪಾತ್ರ ಕೊಟ್ಟರೆ ಪಾಠ ಆಟವಾಗಿಬಿಡುತ್ತದೆ. ಒಂದೇ ದಿನ ಅರ್ಧ ಗಂಟೆ ಮಾಡುವ ಬದಲು ವಾರಕ್ಕೊಮ್ಮೆ ಎರಡು ನಿಮಿಷ, ಪ್ರಾರ್ಥನೆ ಮುಗಿದ ಮೇಲೆ ಥಟ್ಟನೆ 'ಮರ' ಎಂದು ಕೂಗಿ ಮಾಡಿಸಿ. ಹೆದರಿದಾಗ ತಲೆ ಕೆಲಸ ಮಾಡುವುದಿಲ್ಲ, ಅಭ್ಯಾಸವಾದ ಮೈ ಮಾಡುತ್ತದೆ.

ಇದಕ್ಕೊಂದು ಮಿತಿ ಇದೆ, ಅದನ್ನು ಮಕ್ಕಳಿಂದ ಮುಚ್ಚಿಡಬೇಡಿ. 'ಮರ' ಕೆಲಸಕ್ಕೆ ಬರುವುದು ಕುತೂಹಲದಿಂದಲೋ ಗದರಿಸಲೋ ಬರುವ ನಾಯಿಗೆ. ರೇಬಿಸ್ ತಗಲಿದ ನಾಯಿ ನಿಂತವರನ್ನೂ ಕಚ್ಚಬಹುದು. ನಾಯಿ ಮೇಲೆರಗಿದರೆ ಸ್ಕೂಲ್ ಬ್ಯಾಗು, ಛತ್ರಿ, ಚಪ್ಪಲಿ ಏನಾದರೂ ಅದರ ಬಾಯಿಗೆ ಅಡ್ಡ ಕೊಟ್ಟು ಜೋರಾಗಿ ಕೂಗಬೇಕು. ಮರದ ಹಾಗೆ ನಿಂತೆ, ಆದರೂ ಕಚ್ಚಿತು, ನನ್ನದೇ ತಪ್ಪೇನೋ ಎಂದು ಮಗು ಕೊರಗಬಾರದು. ಹಾಗೆ ಕೊರಗುವ ಮಗುವೇ ಮುಚ್ಚಿಡುವುದು.

ತಿನ್ನುವಾಗ, ಮಲಗಿದಾಗ, ಮರಿ ಹಾಕಿದಾಗ, ಕಟ್ಟಿಹಾಕಿದಾಗ, ನಾಯಿಗಳು ತಮ್ಮತಮ್ಮಲ್ಲೇ ಕಚ್ಚಾಡುವಾಗ ಹತ್ತಿರ ಹೋಗಬಾರದು ಎಂಬುದನ್ನು ಮಕ್ಕಳು ಬೇಗ ಕಲಿಯುತ್ತಾರೆ. ಅದಕ್ಕೆ ಹೆಚ್ಚು ಹೊತ್ತು ಬೇಡ. ಆದರೆ ಮರಿಗಳ ವಿಷಯ ಒತ್ತಿ ಹೇಳಿ. ನಮ್ಮ ಕಡೆ ಬೀದಿನಾಯಿಗಳು ಮಳೆಗಾಲದ ಕೊನೆಗೆ ಬೆದೆಗೆ ಬಂದು, ಎರಡು ತಿಂಗಳ ಗರ್ಭ ಕಳೆದು, ಚಳಿಗಾಲದ ಹೊತ್ತಿಗೆ ಹೆಚ್ಚಾಗಿ ಮರಿ ಹಾಕುತ್ತವೆ. ಆಗ ಮಕ್ಕಳು ಮರಿಗಳನ್ನು ಎತ್ತಿಕೊಂಡು ಓಡಾಡುತ್ತಾರೆ. ತಾಯಿನಾಯಿ ಕಚ್ಚುತ್ತದೆ ಎಂಬುದೊಂದು. ಮರಿಗೂ ರೇಬಿಸ್ ಬರುತ್ತದೆ, ಅದರ ಸೂಜಿಯಂಥ ಹಲ್ಲು ತಾಗಿದರೆ ಯಾರೂ ಲೆಕ್ಕಕ್ಕೆ ಇಡುವುದಿಲ್ಲ ಎಂಬುದು ಇನ್ನೊಂದು. ಪಾಠವನ್ನು ಸೆಪ್ಟೆಂಬರಿಗೇ ಮುಗಿಸದೆ ಡಿಸೆಂಬರಿನಲ್ಲಿ ಹತ್ತು ನಿಮಿಷ ಮತ್ತೆ ಮಾಡಿ ಎನ್ನುವುದು ಈ ಕಾರಣಕ್ಕೇ.

ಎರಡನೇ ಪೀರಿಯಡ್ ಹೇಳುವ ಅಭ್ಯಾಸಕ್ಕೆ. ನನ್ನ ಮಟ್ಟಿಗೆ ಇದೇ ಪಾಠದ ತಿರುಳು. ದಿನವಿಡೀ ಕೆಲಸ ಮಾಡಿ ದಣಿದು ಬಂದ ಅಮ್ಮನ ಮುಂದೆ ಮಗು ಹೇಗೆ ಮಾತು ತೆಗೆಯಬೇಕು ಎಂಬುದನ್ನು ಆಡಿಸಿ ನೋಡಿ. ಇಬ್ಬರನ್ನು ಎದುರುಬದುರು ನಿಲ್ಲಿಸಿ.

"ಅಮ್ಮ, ನಂಗೆ ನಾಯಿ ಕಚ್ತು."

"ಅದರ ತಂಟೆಗೆ ಯಾಕೋ ಹೋದೆ? ಎಷ್ಟು ಸಲ ಹೇಳಿದೀನಿ?"

"ಬೈಯೋದಿದ್ರೆ ಆಮೇಲೆ ಬೈಯಮ್ಮ. ಮೊದ್ಲು ಸೋಪು ಕೊಡು. ತೊಳ್ಕೊಂಡು ಇವತ್ತೇ ಆಸ್ಪತ್ರೆಗೆ ಹೋಗ್ಬೇಕು."

"ಇಷ್ಟೇ ಇಷ್ಟು ಗೀರಿಗೆ ಆಸ್ಪತ್ರೆನಾ? ಅಜ್ಜಿ ಹತ್ರ ಸುಣ್ಣ ಇಸ್ಕೊ."

"ಸುಣ್ಣ ಬೇಡ. ಗೀರು ಸಣ್ಣದಾದ್ರೂ ಸೂಜಿ ಬೇಕು ಅಂತ ಟೀಚರ್ ಹೇಳಿದಾರೆ. ಬೇಕಾದ್ರೆ ಟೀಚರ್‌ಗೆ ಫೋನ್ ಮಾಡು."

ಕೊನೆಯ ಮಾತು ನಿಜವಾಗಬೇಕಾದರೆ ನೀವು ಫೋನಿಗೆ ಸಿಗಬೇಕು. ಅಮ್ಮನ ಪಾತ್ರ ಮಾಡುವ ಮಗುವಿಗೆ ಸುಲಭವಾಗಿ ಒಪ್ಪಿಕೊಳ್ಳಬೇಡ ಎಂದು ಹೇಳಿಕೊಡಿ. ಎರಡು ಸಲ ಬೈಸಿಕೊಂಡ ಮೇಲೂ ಮೂರನೇ ಸಲ ಹೇಳುವುದನ್ನು ಮಗು ಕಲಿಯಬೇಕು. ಮನೆಯಲ್ಲಿ ಕೇಳುವವರೇ ಇಲ್ಲದಿದ್ದರೆ ಯಾರಿಗೆ ಹೇಳುವುದು ಎಂದೂ ಕೇಳಿ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಪಕ್ಕದ ಮನೆಯ ಅಕ್ಕ, ಪ್ರತಿ ಮಗುವೂ ಒಬ್ಬರ ಹೆಸರು ಹೇಳಲಿ. ಹೇಳುವಾಗ ನಾಲ್ಕು ವಿವರ ಇರಬೇಕು: ಯಾವ ಪ್ರಾಣಿ, ಮೈಯ ಯಾವ ಜಾಗ, ಯಾವಾಗ, ಆ ಪ್ರಾಣಿ ಯಾರದು ಅಥವಾ ಈಗ ಎಲ್ಲಿದೆ. ವೈದ್ಯರು ಕೇಳುವುದೂ ಇವನ್ನೇ.

ಶಾಲೆಯ ಕಡೆಯಿಂದ ಎರಡು ಕೆಲಸ ಆಗಬೇಕು. ನಾಯಿ, ಬೆಕ್ಕು, ಕೋತಿ ಕಚ್ಚಿತು ಎಂದು ಹೇಳಿದ ಮಗುವನ್ನು ಈ ಶಾಲೆಯಲ್ಲಿ ಯಾರೂ ಬೈಯುವುದಿಲ್ಲ ಎಂದು ಮುಖ್ಯಶಿಕ್ಷಕರ ಬಾಯಿಂದ ಪ್ರಾರ್ಥನೆಯಲ್ಲಿ ಹೇಳಿಸಿ, ಹಾಗೆಯೇ ನಡೆದುಕೊಳ್ಳಿ. ಕಲ್ಲು ಹೊಡೆಯಲು ಹೋಗಿ ಕಚ್ಚಿಸಿಕೊಂಡವನಿಗೂ ಇದು ಅನ್ವಯ, ಬುದ್ಧಿ ಹೇಳುವುದಿದ್ದರೆ ಲಸಿಕೆಯಾದ ಮೇಲೆ. ಎರಡನೆಯದು, ಪ್ರತಿ ಸೋಮವಾರ ಹಾಜರಿ ಕರೆಯುವಾಗ, ರಜೆಯಲ್ಲಿ ಯಾರಿಗಾದರೂ ಕಚ್ಚಿತಾ, ಪರಚಿತಾ ಎಂದು ಒಂದು ಮಾತು ಕೇಳಿ. ದಸರೆ, ಬೇಸಿಗೆ ರಜೆ ಮುಗಿದ ದಿನ ತಪ್ಪದೆ ಕೇಳಿ.

ಯಾವುದಕ್ಕೆ ಆಸ್ಪತ್ರೆ, ಯಾವುದಕ್ಕೆ ಬೇಡ ಎಂಬ ಪ್ರಶ್ನೆ ಮಕ್ಕಳಿಂದ ಬಂದೇ ಬರುತ್ತದೆ. ವೈದ್ಯರು ಮೂರು ವರ್ಗ ಮಾಡುತ್ತಾರೆ. ಸುಮ್ಮನೆ ಮುಟ್ಟಿದ್ದು, ಅನ್ನ ಹಾಕಿದ್ದು, ಗಾಯವಿಲ್ಲದ ಚರ್ಮವನ್ನು ನೆಕ್ಕಿದ್ದು ಮೊದಲನೆಯದು, ತೊಳೆದುಕೊಂಡರೆ ಸಾಕು. ರಕ್ತ ಬಾರದ ಗೀರು, ಬರಿಮೈಯನ್ನು ಹಲ್ಲಿನಿಂದ ಮೆಲ್ಲಗೆ ಕಡಿದದ್ದು ಎರಡನೆಯದು, ಲಸಿಕೆ ಬೇಕು. ಚರ್ಮ ಹರಿದು ರಕ್ತ ಬಂದದ್ದು, ಇದ್ದ ಗಾಯವನ್ನು ನೆಕ್ಕಿದ್ದು, ಜೊಲ್ಲು ಕಣ್ಣು, ಬಾಯಿಗೆ ತಾಗಿದ್ದು ಮೂರನೆಯದು. ಇದಕ್ಕೆ ಲಸಿಕೆಯ ಜೊತೆ ರೇಬಿಸ್ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು, ಅದನ್ನು ಗಾಯದ ಒಳಗೆ ಮತ್ತು ಸುತ್ತಲೇ ಚುಚ್ಚುತ್ತಾರೆ. ಒಂದು ಹನಿ ರಕ್ತ ಬಂದರೂ ಮೂರನೇ ವರ್ಗವೇ. ಈ ವರ್ಗಗಳು ನಿಮ್ಮ ತಿಳಿವಳಿಕೆಗೆ, ಮಕ್ಕಳಿಗೆ ಹೇಳಬೇಡಿ. ನನ್ನದು ಒಂದನೇ ವರ್ಗ ಎಂದು ಹತ್ತು ವರ್ಷದ ಮಗು ತಾನೇ ತೀರ್ಮಾನಿಸುವಂತಾಗಬಾರದು. ಅವರಿಗೆ ಒಂದೇ ನಿಯಮ: ಹಲ್ಲು ಅಥವಾ ಉಗುರು ತಾಗಿದರೆ ತೊಳೆ, ಹೇಳು.

ಇಮ್ಯುನೊಗ್ಲಾಬ್ಯುಲಿನ್ ಯಾಕೆ ಎಂದು ಏಳನೇ ತರಗತಿಯವರು ಕೇಳಿದರೆ ಹೀಗೆ ವಿವರಿಸಿ. ವೈರಸ್ ರಕ್ತದಲ್ಲಿ ಓಡುವುದಿಲ್ಲ, ನರವನ್ನು ಹಿಡಿದು ಹಗ್ಗದ ಮೇಲಿನ ಇರುವೆಯಂತೆ ಮಿದುಳಿನತ್ತ ನಿಧಾನ ಹೋಗುತ್ತದೆ. ಲಸಿಕೆ ಹಾಕಿದ ಮೇಲೆ ನಮ್ಮ ಮೈ ಸಾಕಷ್ಟು ಪ್ರತಿಕಾಯ, ಅಂದರೆ ವೈರಸ್ಸನ್ನು ಹಿಡಿದು ತಡೆಯುವ ವಸ್ತು, ತಯಾರಿಸಲು ಒಂದು ವಾರದಿಂದ ಎರಡು ವಾರ ಬೇಕು. ಆ ನಡುವಿನ ದಿನಗಳಲ್ಲಿ ಗಾಯದ ಜಾಗದಲ್ಲೇ ವೈರಸ್ಸನ್ನು ತಡೆಯಲು ಸಿದ್ಧ ಪ್ರತಿಕಾಯ ಕೊಡುತ್ತಾರೆ. ಮೊದಲ ದಿನ ಅದು ಸಿಗದಿದ್ದರೆ ಮೊದಲ ಲಸಿಕೆಯಿಂದ ಏಳನೇ ದಿನದೊಳಗೆ ಕೊಡಬಹುದು. ಚಿಕ್ಕ ಆಸ್ಪತ್ರೆಯಲ್ಲಿ ಇಲ್ಲ ಎಂದರೆ ಲಸಿಕೆ ಅಲ್ಲೇ ಶುರುಮಾಡಿಸಿ, ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಹೊಲಿಗೆಯನ್ನು ಆದಷ್ಟು ಮುಂದೂಡುತ್ತಾರೆ. ಹಾಕಲೇಬೇಕಾದರೆ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟ ಮೇಲೆಯೇ.

ಸೂಜಿಯ ಭಯ ಕಳೆಯುವುದು ಅಷ್ಟು ಕಷ್ಟವಲ್ಲ. ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದು ಅಜ್ಜಂದಿರು ಹೇಳುವುದು ಸುಳ್ಳಲ್ಲ, ಆದರೆ ಅದು ಹಳೇ ಲಸಿಕೆ. ಪ್ರಾಣಿಗಳ ಮಿದುಳಿನಿಂದ ತಯಾರಾಗುತ್ತಿದ್ದ ಅದನ್ನು ಭಾರತದಲ್ಲಿ 2004ರ ಕೊನೆಗೆ ನಿಲ್ಲಿಸಲಾಯಿತು. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದ ಪದರದೊಳಗೆ, ಎರಡೂ ತೋಳಿಗೆ, ಒಂದೊಂದು ಕಡೆ 0.1 ಎಂ.ಎಲ್. ಹಾಕುತ್ತಾರೆ. ಅಂದರೆ ಎರಡು ಹನಿಯಷ್ಟು. ಹೊಟ್ಟೆಗಲ್ಲ, ಸೊಂಟಕ್ಕೂ ಅಲ್ಲ. ಪಥ್ಯವೂ ಇಲ್ಲ, ಮನೆಯ ಊಟವನ್ನೇ ಮಾಡಬಹುದು. ಬೇಕಿದ್ದರೆ ಇಲ್ಲಿ ಜೋಸೆಫ್ ಮೈಸ್ಟರ್‌ನ ಕಥೆ ಹೇಳಿ. 1885ರ ಜುಲೈ 6ರಂದು ಲೂಯಿ ಪಾಶ್ಚರ್ ಅವರ ಲಸಿಕೆ ಮೊದಲ ಬಾರಿ ಬಿದ್ದದ್ದು ಹುಚ್ಚುನಾಯಿ ಕಚ್ಚಿದ್ದ ಈ ಒಂಬತ್ತು ವರ್ಷದ ಹುಡುಗನಿಗೆ, ಅವನು ಬದುಕಿದ. ನಿಮ್ಮ ನಾಲ್ಕನೇ ತರಗತಿಯ ಮಕ್ಕಳ ವಯಸ್ಸೇ. ಸೆಪ್ಟೆಂಬರ್ 28 ಪಾಶ್ಚರ್ ತೀರಿಕೊಂಡ ದಿನ.

ಚರ್ಮದೊಳಗೆ ಕೊಡುವ ಲಸಿಕೆ ನಾಲ್ಕು ದಿನ: 0, 3, 7, 28. ಮಾಂಸಖಂಡಕ್ಕೆ ಕೊಡುವುದಾದರೆ ಐದು ದಿನ: 0, 3, 7, 14, 28. ಎಲ್ಲರೂ ಎಡವುವುದು ಈ ಸೊನ್ನೆಯಲ್ಲಿ. ಸೊನ್ನೆಯ ದಿನವೆಂದರೆ ಕಚ್ಚಿದ ದಿನವಲ್ಲ, ಮೊದಲ ಇಂಜೆಕ್ಷನ್ ಬಿದ್ದ ದಿನ. ಜೂನ್ 10ಕ್ಕೆ ಮೊದಲನೆಯದು ಆದರೆ ಮುಂದಿನವು ಜೂನ್ 13, ಜೂನ್ 17, ಜುಲೈ 8. ಗೋಡೆಯ ಕ್ಯಾಲೆಂಡರ್ ತೆಗೆದು ಬೇರೆ ಬೇರೆ ದಿನಾಂಕ ಕೊಟ್ಟು ಲೆಕ್ಕ ಹಾಕಿಸಿ. ಮೊದಲನೆಯದು ಸೋಮವಾರವಾದರೆ ಎರಡನೆಯದು ಗುರುವಾರ, ಉಳಿದ ಎರಡೂ ಸೋಮವಾರವೇ ಎಂಬುದನ್ನು ಮಕ್ಕಳು ತಾವೇ ಕಂಡುಹಿಡಿಯುತ್ತಾರೆ. ಗಾಯ ಮಾಗಿದ್ದರಿಂದ, ಕೂಲಿ ಕೆಡುತ್ತದೆಂದು, ನಾಲ್ಕನೆಯದನ್ನು ಬಿಟ್ಟುಬಿಡುವವರು ಬಹಳ. ಹಾಜರಿ ಪುಸ್ತಕದಲ್ಲಿ ಆ ಮಗುವಿನ ಹೆಸರಿನ ಎದುರು ನಾಲ್ಕೂ ದಿನಾಂಕ ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳಿ, ಆ ದಿನ ಬೆಳಿಗ್ಗೆ ಕೇಳಿ. ಒಂದು ದಿನ ತಪ್ಪಿದರೆ ಮೊದಲಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರಾಯಿತು. ಲಸಿಕೆಯ ಚೀಟಿ ಎಸೆಯಬಾರದು. ಪೂರ್ತಿ ಲಸಿಕೆ ಆದವರಿಗೆ ಮುಂದೆ ಮತ್ತೆ ಕಚ್ಚಿದರೆ 0 ಮತ್ತು 3ನೇ ದಿನದ ಎರಡು ಸಾಕು, ಇಮ್ಯುನೊಗ್ಲಾಬ್ಯುಲಿನ್ ಬೇಡ. ಆದರೆ ಅದಕ್ಕೆ ದಾಖಲೆ ಬೇಕು.

ಮಕ್ಕಳ ಇನ್ನು ಕೆಲವು ಪ್ರಶ್ನೆಗಳು ಮೊದಲೇ ಗೊತ್ತಿರಲಿ. ಬೆಕ್ಕು, ಕೋತಿ, ಮುಂಗುಸಿ, ನರಿ ಕಚ್ಚಿದರೂ ಹೀಗೆಯೇ. ಮನೆಯ ಇಲಿ, ಅಳಿಲು ಕಚ್ಚಿದ್ದಕ್ಕೆ ಸಾಮಾನ್ಯವಾಗಿ ಲಸಿಕೆ ಬೇಕಾಗುವುದಿಲ್ಲ, ಆದರೂ ತೊಳೆದು ವೈದ್ಯರಿಗೆ ತೋರಿಸಲಿ. ಹುಚ್ಚುನಾಯಿ ಕಚ್ಚಿದ ಹಸುವಿನ ಕಾಯಿಸಿದ ಹಾಲು ಕುಡಿದಿದ್ದರೆ ಭಯವಿಲ್ಲ, ಗೊತ್ತಾದ ಮೇಲೆ ಆ ಹಾಲನ್ನು ಬಳಸುವುದು ಬೇಡ. ನೀರಿಗೆ ಹೆದರುವುದು ರೋಗ ಬಂದ ಮನುಷ್ಯರು, ನಾಯಿ ಅಲ್ಲ. ನೀರು ಕುಡಿಯುತ್ತಿದೆ, ಹುಚ್ಚಿಲ್ಲ ಎಂದು ತೀರ್ಮಾನಿಸುವುದು ಅಪಾಯ. ಹುಚ್ಚು ಎಂದರೆ ಕೆರಳಿ ಓಡಾಡುವುದೊಂದೇ ಅಲ್ಲ. ದವಡೆ ಜೋತುಬಿದ್ದು, ಬೊಗಳುವ ದನಿ ಒಡೆದು, ಮೂಲೆಯಲ್ಲಿ ಮಂಕಾಗಿ ಬಿದ್ದಿರುವ ನಾಯಿಗೂ ರೇಬಿಸ್ ಇರಬಹುದು. ಪಾಪ, ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದು ಬಾಯೊಳಗೆ ಕೈ ಹಾಕುವುದು ಇಂಥ ನಾಯಿಗೇ.

ನಮ್ಮ ಮನೆ ನಾಯಿಗೆ ಲಸಿಕೆ ಆಗಿದೆ, ಅದು ಕಚ್ಚಿದರೆ? ಆಗಲೂ ಆಸ್ಪತ್ರೆಗೆ ಹೋಗಬೇಕು. ನಾಯಿಯನ್ನು ಕೊಲ್ಲದೆ, ಬಿಡದೆ 10 ದಿನ ಕಟ್ಟಿ ಗಮನಿಸಬೇಕು. ಕಚ್ಚಿದ ದಿನ ಜೊಲ್ಲಿನಲ್ಲಿ ವೈರಸ್ ಇದ್ದಿದ್ದರೆ ನಾಯಿ ಅಷ್ಟರೊಳಗೆ ಕಾಯಿಲೆ ಬಿದ್ದು ಸಾಯುತ್ತದೆ. ಈ 10 ದಿನದ ಲೆಕ್ಕ ನಾಯಿ, ಬೆಕ್ಕಿಗೆ ಮಾತ್ರ. ನಾಯಿ ಏನಾಗುತ್ತದೋ ನೋಡಿಕೊಂಡು ಆಮೇಲೆ ಲಸಿಕೆ ಎಂದು ಕಾಯುವುದಲ್ಲ, ಲಸಿಕೆ ಶುರುಮಾಡಿ ನಾಯಿಯನ್ನು ನೋಡುವುದು.

ಬಿಸಿಯೂಟದ ನಾಯಿಗಳಿಗೆ ಪಾಠಕ್ಕಿಂತ ವ್ಯವಸ್ಥೆಯೇ ಮದ್ದು. ಅವು ಬರುವುದು ಅನ್ನಕ್ಕೆ. ತಟ್ಟೆಯಲ್ಲಿ ಉಳಿದದ್ದನ್ನು ಮಕ್ಕಳು ಕಾಂಪೌಂಡ್ ಪಕ್ಕ ಚೆಲ್ಲುವುದು ನಿಂತು, ಮುಚ್ಚಳವಿರುವ ಡಬ್ಬಕ್ಕೆ ಹಾಕಿ ಅಡುಗೆಯವರು ವಿಲೇವಾರಿ ಮಾಡುವಂತಾದರೆ ಕೆಲವು ವಾರಗಳಲ್ಲಿ ಅವುಗಳ ಓಡಾಟ ಇಳಿಯುತ್ತದೆ. ಮಕ್ಕಳ ಕೈಯಲ್ಲಿ ಕೋಲು ಕೊಟ್ಟು ನಾಯಿ ಓಡಿಸಲು ಎಂದೂ ಕಳಿಸಬೇಡಿ. ಬೇಲಿ, ಗೇಟಿನ ವಿಷಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಬರೆಸಿ ಪಂಚಾಯಿತಿಗೆ ಕೊಡಿ. ಶಾಲೆ, ಆಸ್ಪತ್ರೆಗಳಂಥ ಆವರಣಕ್ಕೆ ನಾಯಿ ನುಗ್ಗದಂತೆ ಬೇಲಿ ಇರಬೇಕೆಂದು 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ, ಅರ್ಜಿಯಲ್ಲಿ ಅದನ್ನು ಕಾಣಿಸಿ. ಅನುಮಾನ ಬರಿಸುವ ನಾಯಿ ಕಂಡರೆ ಪಶು ಆಸ್ಪತ್ರೆಗೆ ಅಥವಾ 1962ಕ್ಕೆ ಕರೆ ಮಾಡಿ, ಮಕ್ಕಳನ್ನು ಒಳಗೆ ಕೂರಿಸಿ.

ಕಚ್ಚುವ ಮೂಲವನ್ನೇ ತಡೆಯುವುದು ನಾಯಿಗಳ ಲಸಿಕೆ. ಒಂದು ಊರಿನ ನಾಯಿಗಳಲ್ಲಿ ಶೇ 70ರಷ್ಟಕ್ಕೆ ಲಸಿಕೆಯಾದರೆ ರೋಗ ಹರಡುವ ಸರಪಳಿ ಕಡಿಯುತ್ತದೆ. ಪಕ್ಕದ ಗೋವಾದಲ್ಲಿ ನಾಯಿಗಳ ಸಾಮೂಹಿಕ ಲಸಿಕೆ, ಶಾಲಾ ಮಕ್ಕಳಿಗೆ ಪಾಠ, ಶಂಕಿತ ನಾಯಿಗಳ ಮೇಲೆ ನಿಗಾ, ಮೂರನ್ನೂ ಜೊತೆಗೇ ನಡೆಸಿದರು. 2018ರಿಂದ ಕೆಲವು ವರ್ಷ ಅಲ್ಲಿ ಮನುಷ್ಯರ ರೇಬಿಸ್ ಸಾವು ವರದಿಯಾಗಲಿಲ್ಲ. ನಿಮ್ಮ ಆರು, ಏಳನೇ ತರಗತಿಯವರಿಂದ ಮನೆಮನೆಯ ಸಾಕುನಾಯಿಗಳ ಪಟ್ಟಿ ಮಾಡಿಸಬಹುದು: ನಾಯಿಯ ಹೆಸರು, ವಯಸ್ಸು, ಕೊನೆಯ ಲಸಿಕೆ ಯಾವಾಗ. ಮರಿಗೆ ಮೂರು ತಿಂಗಳಿಗೆ ಮೊದಲ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ಬೂಸ್ಟರ್ ಮತ್ತು ವರ್ಷಕ್ಕೊಮ್ಮೆ. ಈ ಪಟ್ಟಿ ಹಿಡಿದು ಪಶುವೈದ್ಯರನ್ನು ಕೇಳಿದರೆ ಊರಲ್ಲೇ ಶಿಬಿರ ಮಾಡಿಸುವುದು ಸುಲಭ, ಸೆಪ್ಟೆಂಬರ್ ಕೊನೆಯಲ್ಲಿ ಇಂಥ ಉಚಿತ ಶಿಬಿರಗಳು ನಡೆಯುತ್ತಲೂ ಇರುತ್ತವೆ. ಬೀದಿನಾಯಿಗಳ ಎಣಿಕೆಗೆ ಮಾತ್ರ ಮಕ್ಕಳನ್ನು ಕಳಿಸಬೇಡಿ.

ಪಾಠ ಹತ್ತಿತೇ ಎಂದು ನೋಡಲು ಮರುದಿನವಲ್ಲ, ಒಂದು ತಿಂಗಳ ನಂತರ ಪರೀಕ್ಷಿಸಿ. ರೇಬಿಸ್ ಯಾವ ಸೂಕ್ಷ್ಮಾಣುವಿನಿಂದ ಬರುತ್ತದೆ ಎಂದು ಕೇಳಬೇಡಿ. ಹೀಗೆ ಕೇಳಿ: ಪಕ್ಕದ ಮನೆಯ ಬೆಕ್ಕು ನಿನ್ನ ತಂಗಿಯನ್ನು ಪರಚಿದೆ, ರಕ್ತ ಬಂದಿಲ್ಲ, ಅಮ್ಮ ಮನೆಯಲ್ಲಿಲ್ಲ, ಏನೇನು ಮಾಡುತ್ತೀ? ಗೆಳೆಯನಿಗೆ ಮರಿ ಕಚ್ಚಿದೆ, ಯಾರಿಗೂ ಹೇಳಬೇಡ ಎಂದು ನಿನ್ನಿಂದ ಆಣೆ ಮಾಡಿಸಿಕೊಂಡಿದ್ದಾನೆ, ಏನು ಮಾಡುತ್ತೀ? ಎರಡನೇ ಪ್ರಶ್ನೆಗೆ ತಡವರಿಸುವ ಮಕ್ಕಳೇ ಹೆಚ್ಚಿರುತ್ತಾರೆ. ಅಲ್ಲಿ ಅರ್ಧ ಗಂಟೆ ಹೋದರೂ ಚಿಂತೆಯಿಲ್ಲ.

ಪೋಸ್ಟರ್ ಸ್ಪರ್ಧೆ ಇಡಲೇಬೇಕೆಂಬ ಸುತ್ತೋಲೆ ಬಂದಿದ್ದರೆ ಇಡಿ. ವಿಷಯ ಮಾತ್ರ ನೀವೇ ಕೊಡಿ: 'ಸೋಪು, 15 ನಿಮಿಷ, ಇವತ್ತೇ ಹೇಳು'. ಗೆದ್ದದ್ದನ್ನು ಆಫೀಸ್ ರೂಮಿನ ಗೋಡೆಗಲ್ಲ, ನಲ್ಲಿಯ ಮೇಲೆ, ಮಕ್ಕಳ ಕಣ್ಣಿನ ಎತ್ತರಕ್ಕೆ ಪ್ಲಾಸ್ಟಿಕ್ ಹೊದಿಸಿ ಅಂಟಿಸಿ. ಅದರ ಕೆಳಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ಫೋನ್ ನಂಬರ್, ಆಶಾ ಕಾರ್ಯಕರ್ತೆಯ ನಂಬರ್, ಆರೋಗ್ಯ ಸಲಹೆಗೆ 104, ಆಂಬುಲೆನ್ಸಿಗೆ 108 ಬರೆಸಿ. ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಒಂದು ಸೋಪು ತೂಗುಬಿಡಿ, ಸವೆದಾಗ ಬದಲಿಸುವ ಜವಾಬ್ದಾರಿ ಆರನೇ ತರಗತಿಯ ಒಬ್ಬರಿಗೆ ವಹಿಸಿ.